ಋಣ ತೀರಿಸಿದ ಲೇಖನಿ

ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂದು ಭಾವಿಸುವವರು ಇಂದಿಗೂ ಉಂಟು. ಆ ಒಣ ವಿವರಗಳ ಹಿಂದೆ ನಮ್ಮಂತೆಯೇ ಆಸೆಪಟ್ಟು, ಅಂಜಿ, ದುಡಿದು ಬಾಳಿದ ಜನರಿದ್ದರು ಎಂಬುದನ್ನು ಕಥೆಯ ಮೂಲಕ ತೋರಿಸಿಕೊಟ್ಟ ಲೇಖಕರಲ್ಲಿ ಸರ್ ವಾಲ್ಟರ್ ಸ್ಕಾಟ್ ಅಗ್ರಗಣ್ಯನು. ಐತಿಹಾಸಿಕ ಕಾದಂಬರಿಗೆ ಯೂರೋಪಿನಲ್ಲಿ ಸ್ಥಿರವಾದ ರೂಪವನ್ನು ಕೊಟ್ಟವನು ಅವನು. ಅವನ ಕಾಲದಲ್ಲಿ ಅವನಷ್ಟು ಓದುಗರನ್ನು ಪಡೆದ ಕಾದಂಬರಿಕಾರ ಮತ್ತೊಬ್ಬನಿರಲಿಲ್ಲ. ಲೇಖನಿಯಿಂದಲೇ ಅಪಾರವಾದ ಸಂಪತ್ತನ್ನು ಗಳಿಸಿದ ಅವನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅದೆಲ್ಲವನ್ನೂ ಕಳೆದುಕೊಂಡನು. ಆಮೇಲೆ ಅವನು ನಡೆದುಕೊಂಡ ರೀತಿಯಿಂದಾಗಿ, ಅವನ ಕಾದಂಬರಿಗಳನ್ನು ಓದದವರೂ ಅವನ ಹೆಸರನ್ನು ಗೌರವದಿಂದ ನೆನೆಯುತ್ತಾರೆ.

ಸ್ಕಾಟನು 1771ನೆಯ ಇಸವಿ ಆಗಸ್ಟ್ 15ರಂದು ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಅವನ ತಂದೆ ನ್ಯಾಯವಾದಿಗಳು, ಬಹು ಶಿಸ್ತಿನವರು. ತಾಯಿ ಆನ್ ವೈದ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಮಗಳು. ಸ್ಕಾಟನಿಗಿಂತ ಮೊದಲು ಹುಟ್ಟಿದ ಹಲವು ಮಕ್ಕಳು ಎಳವೆಯಲ್ಲಿಯೇ ತೀರಿಕೊಂಡಿದ್ದವು. ಅವನಿಗೂ ಒಂದೂವರೆ ವರ್ಷ ವಯಸ್ಸಾದಾಗ ಜ್ವರ ಬಂದು ಬಲಗಾಲಿನ ಸ್ವಾಧೀನ ತಪ್ಪಿತು. ಅದು ಪೋಲಿಯೋ ಆಗಿರಬೇಕೆಂದು ಈಗ ತಿಳಿಯಲಾಗಿದೆ. ಆ ಕಾಲದ ವೈದ್ಯರಿಗೆ ಅದಕ್ಕೆ ಮದ್ದು ತಿಳಿದಿರಲಿಲ್ಲ. ಹಳ್ಳಿಯ ಗಾಳಿಯಿಂದಲಾದರೂ ಗುಣವಾದೀತೆಂದು ಮಗುವನ್ನು ಅಜ್ಜನ ಮನೆಗೆ ಕಳುಹಿಸಿದರು.

ಅಜ್ಜನ ಹೊಲ ಮನೆಗಳಿದ್ದುದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡುಗಳ ಗಡಿಸೀಮೆಯಲ್ಲಿ. ಆ ಎರಡು ನಾಡುಗಳ ನಡುವೆ ಶತಮಾನಗಳ ಕಾಲ ನಡೆದ ಕಾಳಗ, ಸೂರೆ, ದನಗಳ್ಳತನಗಳ ನೆನಪು ಅಲ್ಲಿನ ಒಂದೊಂದು ಕಣಿವೆಗೂ ಅಂಟಿಕೊಂಡಿತ್ತು. ಮನೆಯ ಸಮೀಪದ ಬಂಡೆಯ ಮೇಲೆ ಹಳೆಯ ಕಾವಲುಗೋಪುರವೊಂದು ನಿಂತಿತ್ತು. ಕಾಲಿಗೆ ಶಕ್ತಿ ಬರಲೆಂದು ಹುಡುಗನನ್ನು ಆಗತಾನೆ ಸುಲಿದ ಕುರಿಯ ಚರ್ಮದಲ್ಲಿ ಸುತ್ತಿ ಮಲಗಿಸುತ್ತಿದ್ದರು. ಬಿಸಿಲಿದ್ದ ದಿನಗಳಲ್ಲಿ ಕುರುಬನು ಅವನನ್ನು ಎತ್ತಿಕೊಂಡು ಹೋಗಿ ಕುರಿಗಳ ನಡುವೆ ಹುಲ್ಲಿನ ಮೇಲೆ ಬಿಡುತ್ತಿದ್ದನು. ಒಮ್ಮೆ ಗುಡುಗು ಮಿಂಚಿನ ಮಳೆ ಬಂದಾಗ ಮನೆಯವರು ಗಾಬರಿಯಿಂದ ಓಡಿಹೋಗಿ ನೋಡಿದರೆ, ಹುಡುಗನು ಅಂಗಾತ ಮಲಗಿ ಒಂದೊಂದು ಮಿಂಚಿಗೂ ಚಪ್ಪಾಳೆ ತಟ್ಟುತ್ತಿದ್ದನಂತೆ.

ಅಜ್ಜಿಯು ಗಡಿಸೀಮೆಯ ವೀರರ ಕಥೆಗಳನ್ನು ಹೇಳುತ್ತಿದ್ದಳು. ಸೋದರತ್ತೆ ಜಾನೆಟ್ ಲಾವಣಿಗಳನ್ನು ಓದಿ ಕೇಳಿಸುತ್ತಿದ್ದಳು. ಓದು ಬರುವುದಕ್ಕೆ ಮೊದಲೇ ಅವನು ದೀರ್ಘವಾದ ಲಾವಣಿಯೊಂದನ್ನು ಬಾಯಿಪಾಠ ಮಾಡಿದ್ದನು. ಮನೆಗೆ ಬಂದ ಪಾದ್ರಿಯ ಮಾತು ಸಹ ಹುಡುಗನ ಗಟ್ಟಿ ಕಂಠದ ಮುಂದೆ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಕಾಲು ಪೂರ್ತಿ ಗುಣವಾಗಲಿಲ್ಲ. ಅವನು ಜೀವನಪರ್ಯಂತ ಕುಂಟುತ್ತಲೇ ನಡೆದನು. ಆದರೂ ಗುಡ್ಡ ಹತ್ತುವುದರಲ್ಲಿ, ಕುದುರೆ ಸವಾರಿಯಲ್ಲಿ ಅವನು ಯಾರಿಗೂ ಹಿಂದೆ ಬೀಳಲಿಲ್ಲ.

ಎಡಿನ್‌ಬರೋ ನಗರದ ಪ್ರೌಢಶಾಲೆಯಲ್ಲಿ ಸ್ಕಾಟನು ತರಗತಿಯ ಜಾಣರ ಸಾಲಿಗೆ ಸೇರಿದವನಾಗಿರಲಿಲ್ಲ. ಚಳಿಗಾಲದಲ್ಲಿ ಬೆಂಕಿಯ ಸುತ್ತ ಕುಳಿತ ಗೆಳೆಯರಿಗೆ ಕಥೆ ಹೇಳುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಆ ದಿನಗಳ ಒಂದು ಪ್ರಸಂಗವನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ತರಗತಿಯಲ್ಲಿ ಅವನಿಗಿಂತ ಮೇಲಿನ ಸ್ಥಾನದಲ್ಲಿದ್ದ ಹುಡುಗನೊಬ್ಬನು ಪ್ರಶ್ನೆ ಕೇಳಿದಾಗಲೆಲ್ಲ ತನ್ನ ಅಂಗಿಯ ಗುಂಡಿಯೊಂದನ್ನು ತಿರುವುತ್ತ ಉತ್ತರ ಹೇಳುತ್ತಿದ್ದನು. ಇದನ್ನು ಗಮನಿಸಿದ ಸ್ಕಾಟನು ಗುಟ್ಟಾಗಿ ಆ ಗುಂಡಿಯನ್ನು ಕತ್ತರಿಸಿಬಿಟ್ಟನು. ಮರುಪ್ರಶ್ನೆಗೆ ಹುಡುಗನ ಕೈ ಗುಂಡಿಯನ್ನು ತಡಕಿತು, ಅದು ಸಿಗಲಿಲ್ಲ, ಉತ್ತರವೂ ಹೊಳೆಯಲಿಲ್ಲ. ಅವನ ಸ್ಥಾನ ಸ್ಕಾಟನಿಗೆ ದೊರೆಯಿತು. ದೊಡ್ಡವನಾದ ಮೇಲೆ ಅದೇ ವ್ಯಕ್ತಿಯು ನ್ಯಾಯಾಲಯದ ಸಣ್ಣ ಹುದ್ದೆಯೊಂದರಲ್ಲಿ ಕಣ್ಣಿಗೆ ಬೀಳುತ್ತಿದ್ದನು. ಅವನಿಗೇನಾದರೂ ಉಪಕಾರ ಮಾಡಿ ತಪ್ಪನ್ನು ಸರಿಪಡಿಸಬೇಕೆಂದು ಸ್ಕಾಟನು ಹಲವು ಬಾರಿ ಎಣಿಸಿದನು; ಮಾಡಲಾಗಲಿಲ್ಲ. ಆ ಮನುಷ್ಯನು ಕುಡಿತಕ್ಕೆ ಬಿದ್ದು ಬೇಗನೆ ತೀರಿಕೊಂಡನು. ತೀರಿಸದೆ ಉಳಿದ ಆ ಋಣ ಸ್ಕಾಟನ ಮನಸ್ಸನ್ನು ಕೊನೆಯವರೆಗೂ ಚುಚ್ಚುತ್ತಿತ್ತು.

ಹದಿಹರೆಯದಲ್ಲಿ ಸ್ಕಾಟನು ತಂದೆಯ ಕಚೇರಿಯಲ್ಲಿ ಕಾನೂನು ಕಲಿಯಲು ಸೇರಿದನು. ಅಲ್ಲಿ ದಸ್ತಾವೇಜುಗಳನ್ನು ನಕಲು ಮಾಡುವುದು ಬೇಸರದ ಕೆಲಸವಾಗಿತ್ತು. ಪುಟಕ್ಕೆ ಇಷ್ಟು ಎಂದು ಸಿಗುತ್ತಿದ್ದ ಹಣವನ್ನು ಅವನು ಪುಸ್ತಕಗಳಿಗೂ ನಾಟಕಗಳಿಗೂ ವೆಚ್ಚ ಮಾಡುತ್ತಿದ್ದನು. ಗಂಟೆಗಟ್ಟಲೆ ಎಡೆಬಿಡದೆ ಬರೆಯುವ ಅಭ್ಯಾಸ ಅವನ ಕೈಗೆ ಬಂದುದು ಅಲ್ಲಿಯೇ. 1792ರಲ್ಲಿ ಅವನು ವಕೀಲನಾದನು. ಆ ವರ್ಷದಿಂದ ಮೊದಲುಗೊಂಡು ಏಳು ವರ್ಷಗಳ ಕಾಲ ಬಿಡುವು ದೊರೆತಾಗಲೆಲ್ಲ ಗಡಿಸೀಮೆಯ ದುರ್ಗಮ ಕಣಿವೆಗಳಲ್ಲಿ ಸಂಚರಿಸಿ ಲಾವಣಿಗಳನ್ನು ಸಂಗ್ರಹಿಸಿದನು. ರಸ್ತೆಗಳಿಲ್ಲದ ಆ ಸೀಮೆಯಲ್ಲಿ ಕುರುಬರ ಗುಡಿಸಲುಗಳೇ ಅವನಿಗೆ ತಂಗುದಾಣಗಳಾಗಿದ್ದವು.

ಈ ಕೆಲಸದಲ್ಲಿ ಅವನಿಗೆ ನೆರವಾದವರಲ್ಲಿ ಜಾನ್ ಲೇಡನ್ ಎಂಬ ಬಡ ಕುಟುಂಬದ ವಿದ್ವಾಂಸನೊಬ್ಬನಿದ್ದನು. ಅರ್ಧಕ್ಕೆ ನಿಂತ ಒಂದು ಲಾವಣಿಯ ಉಳಿದ ಭಾಗ ವೃದ್ಧನೊಬ್ಬನಿಗೆ ತಿಳಿದಿದೆಯೆಂದು ಕೇಳಿ ಲೇಡನ್ನನು ನಲವತ್ತು ಮೈಲಿಗೂ ಹೆಚ್ಚು ದೂರ ನಡೆದುಹೋಗಿ ಅದನ್ನು ಕಲಿತು ಬಂದನು. ಇದೇ ಲೇಡನ್ನನು ಮುಂದೆ ವೈದ್ಯನಾಗಿ ಭಾರತಕ್ಕೆ ಬಂದು, ಟಿಪ್ಪುವಿನ ಪತನಾನಂತರ ನಡೆದ ಮೈಸೂರು ಸೀಮೆಯ ಮೋಜಣಿಯಲ್ಲಿ ಕೆಲಸ ಮಾಡಿ, 1811ರಲ್ಲಿ ಜಾವಾ ದ್ವೀಪದಲ್ಲಿ ಮರಣ ಹೊಂದಿದನು. ಸ್ಕಾಟನ ಸಂಗ್ರಹವು 1802 ಮತ್ತು 1803ರಲ್ಲಿ ಪ್ರಕಟವಾಯಿತು. ಅವನಿಗೆ ಲಾವಣಿಗಳನ್ನು ಹಾಡಿ ಕೊಟ್ಟ ವೃದ್ಧೆಯೊಬ್ಬಳಿಗೆ ಮಾತ್ರ ಅಸಮಾಧಾನವಾಯಿತು. ಹಾಡಲೆಂದು ಹುಟ್ಟಿದ ಪದಗಳನ್ನು ಅಚ್ಚು ಹಾಕಿಸಿ ಕೆಡಿಸಿದನೆಂದು ಅವಳು ಅವನನ್ನು ಎದುರಿಗೇ ಆಕ್ಷೇಪಿಸಿದಳು. ಸ್ಕಾಟನು ಹರಿದ ಸಾಲುಗಳನ್ನು ತಾನೇ ಕೂಡಿಸಿ ತಿದ್ದಿದ್ದುದರಿಂದ ಆ ದೂರಿನಲ್ಲಿ ಸತ್ಯಾಂಶವೂ ಇತ್ತು. ಆದರೆ ಅವನು ಕೂಡಿಡದಿದ್ದಲ್ಲಿ ಆ ಹಾಡುಗಳಲ್ಲಿ ಎಷ್ಟೋ ಅಳಿದುಹೋಗುತ್ತಿದ್ದವು.

ಈ ನಡುವೆ 1797ರಲ್ಲಿ ಸ್ಕಾಟನು ಷಾರ್ಲೆಟ್ ಎಂಬ ಫ್ರೆಂಚ್ ಮೂಲದ ಕನ್ಯೆಯನ್ನು ವಿವಾಹವಾಗಿದ್ದನು. 1799ರಲ್ಲಿ ಗಡಿಸೀಮೆಯ ಒಂದು ಜಿಲ್ಲೆಯಲ್ಲಿ ಷೆರೀಫ್ ಎಂಬ ನ್ಯಾಯಾಧಿಕಾರಿಯ ಹುದ್ದೆಯೂ, ಕೆಲವು ವರ್ಷಗಳ ಬಳಿಕ ಎಡಿನ್‌ಬರೋ ಉಚ್ಚ ನ್ಯಾಯಾಲಯದಲ್ಲಿ ಗುಮಾಸ್ತರ ಪೈಕಿ ಪ್ರಧಾನ ಹುದ್ದೆಯೊಂದೂ ದೊರೆತವು. 1805ರಿಂದ 1810ರವರೆಗೆ ಅವನು ಬರೆದ ಮೂರು ಕಥನಕಾವ್ಯಗಳು ಬ್ರಿಟನ್ನಿನ ಮನೆಮನೆಗೂ ಅವನ ಹೆಸರನ್ನು ಮುಟ್ಟಿಸಿದವು. ಆದರೆ 1812ರಲ್ಲಿ ಬೈರನ್ ಎಂಬ ತರುಣ ಕವಿ ಉದಯಿಸಿದನು. ಅವನ ಪ್ರತಿಭೆಯ ಮುಂದೆ ತನ್ನ ಕಾವ್ಯ ನಿಲ್ಲಲಾರದೆಂಬುದನ್ನು ಸ್ಕಾಟನು ಮತ್ಸರವಿಲ್ಲದೆ ಒಪ್ಪಿಕೊಂಡನು. 1813ರಲ್ಲಿ ಆಸ್ಥಾನ ಕವಿಯ ಪದವಿಯು ತಾನಾಗಿ ಬಂದರೂ ಅದನ್ನು ಸ್ವೀಕರಿಸದೆ, ಹಣದ ಆವಶ್ಯಕತೆಯಿದ್ದ ಸದೆ ಎಂಬ ಕವಿಗೆ ಅದು ದೊರೆಯುವಂತೆ ಮಾಡಿದನು.

ಕಾವ್ಯದ ದಾರಿ ಮುಗಿಯುತ್ತ ಬಂದಾಗ ಕಾದಂಬರಿಯ ದಾರಿ ಆಕಸ್ಮಿಕವಾಗಿ ತೆರೆಯಿತು. ಅವನು ಕೆಲವು ವರ್ಷಗಳ ಹಿಂದೆ ಒಂದು ಗದ್ಯಕಥೆಯನ್ನು ಆರಂಭಿಸಿ ಅರ್ಧಕ್ಕೇ ಬಿಟ್ಟಿದ್ದನು. ಒಂದು ದಿನ ಅತಿಥಿಯೊಬ್ಬರಿಗಾಗಿ ಮೀನಿನ ಗಾಳವನ್ನು ಹುಡುಕುತ್ತಿದ್ದಾಗ ಆ ಹಸ್ತಪ್ರತಿ ಹಳೆಯ ಮೇಜಿನ ಖಾನೆಯಲ್ಲಿ ಕೈಗೆ ಸಿಕ್ಕಿತು. ಕೂಡಲೇ ಅದನ್ನು ಮುಂದುವರಿಸಿದನು. 1814ರ ಬೇಸಗೆಯಲ್ಲಿ ಎದುರು ಬೀದಿಯ ಮನೆಯೊಂದರಲ್ಲಿ ಕೂಡಿದ್ದ ತರುಣರ ಗುಂಪಿಗೆ, ಕಿಟಕಿಯಾಚೆ ಒಂದು ಕೈ ಮಾತ್ರ ಕಾಣಿಸುತ್ತಿತ್ತು. ಆ ಕೈ ಪುಟದ ಮೇಲೆ ಪುಟ ಬರೆದು ರಾಶಿ ಹಾಕುತ್ತಿತ್ತು. ದೀಪ ಹಚ್ಚಿದ ಮೇಲೂ ನಿಲ್ಲುತ್ತಿರಲಿಲ್ಲ. ಯಾರೋ ಪಾಪದ ಗುಮಾಸ್ತನಿರಬೇಕೆಂದು ಒಬ್ಬನು ಊಹಿಸಿದನು. ಅದು ಸ್ಕಾಟನ ಕೈ. ಮೂರು ಸಂಪುಟಗಳ ಆ ಕೃತಿಯ ಕೊನೆಯ ಎರಡನ್ನು ಅವನು ಮೂರೇ ವಾರಗಳಲ್ಲಿ ಬರೆದು ಮುಗಿಸಿದನು.

ಅದೇ 1814ರ ಜುಲೈ ತಿಂಗಳಲ್ಲಿ ಪ್ರಕಟವಾದ 'ವೇವರ್ಲಿ'. 1745ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಕುಲಗಳು ಪದಚ್ಯುತ ರಾಜವಂಶದ ಪರವಾಗಿ ನಡೆಸಿದ ದಂಗೆಯೇ ಅದರ ವಸ್ತು. ಆ ದಂಗೆಯಲ್ಲಿ ಕಾದಾಡಿದ ಮುದುಕರ ಬಾಯಿಂದಲೇ ಸ್ಕಾಟನು ಬಾಲ್ಯದಲ್ಲಿ ಅದರ ಕಥೆಗಳನ್ನು ಕೇಳಿದ್ದನು. ಮೊದಲ ಮುದ್ರಣದ 1,000 ಪ್ರತಿಗಳು ಕೆಲವೇ ವಾರಗಳಲ್ಲಿ ಮುಗಿದವು. ಪುಸ್ತಕದ ಮೇಲೆ ಲೇಖಕನ ಹೆಸರಿರಲಿಲ್ಲ. ಕಾದಂಬರಿ ಆಗ ಹಗುರವಾದ ಬರವಣಿಗೆಯೆನಿಸಿತ್ತು. ನ್ಯಾಯಾಲಯದ ಅಧಿಕಾರಿಗೆ ಅದು ಶೋಭಿಸದೆಂಬ ಅಳುಕು ಅವನಿಗಿತ್ತು. ಮುಂದಿನ ಹಲವು ಕೃತಿಗಳು ವೇವರ್ಲಿಯ ಕರ್ತೃವಿನವು ಎಂಬ ಸೂಚನೆಯೊಡನೆ ಮಾತ್ರ ಬಂದವು. ವರ್ಷಕ್ಕೆ ಒಂದು, ಕೆಲವೊಮ್ಮೆ ಎರಡು ಕಾದಂಬರಿಗಳು ಹೊರಬರುತ್ತಿದ್ದವು. 1817ರ ಕೊನೆಯಲ್ಲಿ ಹೊರಬಂದ 'ರಾಬ್ ರಾಯ್' ಕಾದಂಬರಿಯ ಮೊದಲ ಮುದ್ರಣವೇ 10,000 ಪ್ರತಿಗಳದಾಗಿತ್ತು. ಆ ಕಾಲಕ್ಕೆ ಅದು ಅಸಾಧಾರಣವಾದ ಸಂಖ್ಯೆ.

ಸ್ಕಾಟನ ಕಾದಂಬರಿಗಳಲ್ಲಿ ರಾಜರೂ ಸೇನಾನಿಗಳೂ ಬರುತ್ತಾರೆ. ಆದರೆ ಕಥೆಯ ಜೀವವಿರುವುದು ಕುರುಬರು, ಭಿಕ್ಷುಕರು, ಸೇವಕರು, ಸಣ್ಣ ರೈತರು ಮೊದಲಾದವರಲ್ಲಿ. 1818ರ 'ದಿ ಹಾರ್ಟ್ ಆಫ್ ಮಿಡ್‌ಲೋಥಿಯನ್' ಕಾದಂಬರಿಯ ನಾಯಕಿ ಜೀನಿ ಡೀನ್ಸ್ ಬಡ ಗೋವಳನ ಮಗಳು. ಅವಳ ತಂಗಿಯ ಮೇಲೆ ಶಿಶುಹತ್ಯೆಯ ಆರೋಪ ಬರುತ್ತದೆ. ಜೀನಿ ನ್ಯಾಯಾಲಯದಲ್ಲಿ ಒಂದೇ ಒಂದು ಸುಳ್ಳು ಹೇಳಿದರೆ ತಂಗಿ ಉಳಿಯುತ್ತಾಳೆ. ಅವಳು ಸುಳ್ಳು ಹೇಳಲೊಪ್ಪುವುದಿಲ್ಲ. ತಂಗಿಗೆ ಮರಣದಂಡನೆಯಾದ ಮೇಲೆ ದೂರದ ಲಂಡನ್ ನಗರಕ್ಕೆ ಬಹುಪಾಲು ಕಾಲ್ನಡಿಗೆಯಲ್ಲಿಯೇ ಹೋಗಿ, ರಾಣಿಯ ಬಳಿ ಬೇಡಿಕೊಂಡು ಕ್ಷಮಾದಾನವನ್ನು ತರುತ್ತಾಳೆ. ಹೆಲೆನ್ ವಾಕರ್ ಎಂಬ ನಿಜವಾದ ಹೆಂಗಸಿನ ಬಾಳಿನಿಂದ ಸ್ಕಾಟನು ಈ ಕಥೆಯನ್ನು ಪಡೆದಿದ್ದನು. ಅವಳ ಸಮಾಧಿಗೆ ಮುಂದೆ ಅವನೇ ಕಲ್ಲು ನಿಲ್ಲಿಸಿದನು. ಇಂಗ್ಲೆಂಡಿನ ಮಧ್ಯಯುಗವನ್ನು ಕುರಿತ 'ಐವನ್‌ಹೋ' 1819ರ ಕೊನೆಯಲ್ಲಿ ಹೊರಬಂದು ಅವನ ಕೀರ್ತಿಯನ್ನು ಮತ್ತಷ್ಟು ಹರಡಿತು. ಇತಿಹಾಸದ ವಿವರಗಳಲ್ಲಿ ಅವನು ಸ್ವಾತಂತ್ರ್ಯ ವಹಿಸಿದನೆಂದೂ, ಅವನ ವರ್ಣನೆಗಳು ದೀರ್ಘವೆಂದೂ ವಿಮರ್ಶಕರು ಹೇಳುವುದುಂಟು. ಒಂದು ಕಾಲದ ಜನರು ಹೀಗೆ ಬಾಳಿದ್ದಿರಬೇಕು ಎಂಬ ನಂಬಿಕೆಯನ್ನು ಹುಟ್ಟಿಸುವುದರಲ್ಲಿ ಮಾತ್ರ ಅವನನ್ನು ಸರಿಗಟ್ಟಿದವರು ಕೆಲವರೇ.

ಗಳಿಸಿದ ಹಣದಿಂದ ಸ್ಕಾಟನು ಟ್ವೀಡ್ ನದಿಯ ದಡದಲ್ಲಿ ಜಮೀನನ್ನು ಕೊಂಡು, ಅಬಟ್ಸ್‌ಫರ್ಡ್ ಎಂಬ ಭವ್ಯವಾದ ಮನೆಯನ್ನು ಕಟ್ಟಿಸಿದನು. ಹಳೆಯ ಕತ್ತಿ ಕವಚಗಳು, ಸಾವಿರಾರು ಗ್ರಂಥಗಳು ಅಲ್ಲಿ ತುಂಬಿದವು. 1820ರಲ್ಲಿ ಅವನಿಗೆ ಬ್ಯಾರೊನೆಟ್ ಪದವಿ ದೊರೆಯಿತು. ಮನೆಯಲ್ಲಿ ಸದಾ ಅತಿಥಿಗಳು. ಬೆಳಗಿನ ಉಪಾಹಾರಕ್ಕೆ ಅವರು ಏಳುವ ಹೊತ್ತಿಗೆ ಅವನು ದಿನದ ಬರವಣಿಗೆಯ ಬಹುಭಾಗವನ್ನು ಮುಗಿಸಿರುತ್ತಿದ್ದನು. ಇಷ್ಟೊಂದು ಕಾದಂಬರಿಗಳನ್ನು ಬರೆಯುವವನು ಈತನಾದರೆ ಬರೆಯುವುದು ಯಾವಾಗ ಎಂದು ಅವರು ಬೆರಗಾಗುತ್ತಿದ್ದರು.

ಈ ವೈಭವದ ತಳಹದಿ ಭದ್ರವಾಗಿರಲಿಲ್ಲ. ಶಾಲೆಯ ಗೆಳೆಯನಾಗಿದ್ದ ಜೇಮ್ಸ್ ಬ್ಯಾಲಂಟೈನ್ ಎಂಬುವನ ಮುದ್ರಣಾಲಯದಲ್ಲಿ ಸ್ಕಾಟನು ಗುಟ್ಟಾಗಿ ಪಾಲುದಾರನಾಗಿದ್ದನು. ಆ ಮುದ್ರಣಾಲಯವೂ ಅವನ ಪ್ರಕಾಶಕನಾದ ಕಾನ್‌ಸ್ಟೇಬಲ್ ಎಂಬುವನ ಸಂಸ್ಥೆಯೂ ಪರಸ್ಪರ ಹುಂಡಿಗಳನ್ನು ಬರೆದುಕೊಂಡು ವ್ಯವಹಾರ ನಡೆಸುತ್ತಿದ್ದವು. ಸ್ಕಾಟನು ಲೆಕ್ಕಪತ್ರಗಳನ್ನು ಸರಿಯಾಗಿ ನೋಡಲಿಲ್ಲ. ಇನ್ನೂ ಬರೆಯದ ಕಾದಂಬರಿಗಳ ಹೆಸರಿನಲ್ಲಿ ಮುಂಗಡ ಪಡೆದು ಅದನ್ನೂ ನೆಲಕ್ಕೆ ಸುರಿಯುತ್ತಿದ್ದನು. 1825ರ ಕೊನೆಯಲ್ಲಿ ಲಂಡನ್ನಿನ ಹಣದ ಪೇಟೆ ಕುಸಿಯಿತು. 1826ರ ಜನವರಿಯಲ್ಲಿ ಕಾನ್‌ಸ್ಟೇಬಲನ ಲಂಡನ್ ಪ್ರತಿನಿಧಿಗಳು ಮುಳುಗಿದರು. ಅವರೊಡನೆ ಕಾನ್‌ಸ್ಟೇಬಲ್ ಮುಳುಗಿದನು. ಅವನೊಡನೆ ಬ್ಯಾಲಂಟೈನನ ಮುದ್ರಣಾಲಯವೂ ಮುಳುಗಿತು. ಸ್ಕಾಟನ ತಲೆಯ ಮೇಲೆ ಸುಮಾರು 1,20,000 ಪೌಂಡುಗಳ ಸಾಲ ನಿಂತಿತು.

ದಿವಾಳಿಯೆಂದು ಘೋಷಿಸಿಕೊಂಡು ಬಿಡುಗಡೆ ಪಡೆಯಲು ಕಾನೂನಿನಲ್ಲಿ ಅವಕಾಶವಿತ್ತು. ಪೌಂಡಿಗೆ 20 ಷಿಲಿಂಗುಗಳಿದ್ದ ಆ ಕಾಲದಲ್ಲಿ ಕಾನ್‌ಸ್ಟೇಬಲನ ಸಂಸ್ಥೆ ಪೌಂಡೊಂದಕ್ಕೆ ಮೂರು ಷಿಲಿಂಗಿಗಿಂತ ಕಡಿಮೆ ಕೊಟ್ಟು ಲೆಕ್ಕ ಮುಗಿಸಿತು. ಸ್ಕಾಟನಿಗೆ ಆ ದಾರಿ ಬೇಡವಾಯಿತು. ಗೆಳೆಯರು ನೀಡಲು ಬಂದ ಹಣವನ್ನೂ ಅವನು ವಿನಯದಿಂದ ನಿರಾಕರಿಸಿದನು. ತನ್ನ ಕಾಲಾವಧಿಯನ್ನೂ ಬರವಣಿಗೆಯ ಸಮಸ್ತ ಸಂಪಾದನೆಯನ್ನೂ ಸಾಲ ಕೊಟ್ಟವರಿಗೆ ಒಪ್ಪಿಸುವುದಾಗಿ ಕರಾರು ಬರೆದುಕೊಟ್ಟನು. ಸಂಸಾರ ಖರ್ಚಿಗೆ ಸರ್ಕಾರಿ ಹುದ್ದೆಗಳ ಸಂಬಳವೊಂದೇ ಉಳಿಯಿತು. ಎಡಿನ್‌ಬರೋ ನಗರದ ಮನೆ ಮಾರಾಟವಾಯಿತು. ಅಬಟ್ಸ್‌ಫರ್ಡನ್ನು ಮಗನ ಮದುವೆಯಲ್ಲಿ ಮೊದಲೇ ಅವನ ಹೆಸರಿಗೆ ಬರೆದಿದ್ದರಿಂದ ವಾಸಕ್ಕೆ ಅದು ಉಳಿಯಿತು. ನಾಲ್ಕು ತಿಂಗಳು ಕಳೆಯುವುದರೊಳಗೆ, ಮೇ 15ರಂದು, ಪತ್ನಿ ಷಾರ್ಲೆಟ್ ತೀರಿಕೊಂಡಳು. ಅಂತ್ಯಕ್ರಿಯೆ ಮುಗಿದ ಕೆಲವೇ ದಿನಗಳಲ್ಲಿ ಸ್ಕಾಟನು ಮತ್ತೆ ಮೇಜಿನ ಮುಂದೆ ಕುಳಿತನು.

ಅಂದಿನಿಂದ ಅವನು ಬರೆದುದು ಆನಂದಕ್ಕಾಗಿ ಎನ್ನುವುದಕ್ಕಿಂತ ಕರ್ತವ್ಯಕ್ಕಾಗಿ ಎನ್ನಬೇಕು. ನೆಪೋಲಿಯನ್ನನ ಜೀವನಚರಿತ್ರೆಯನ್ನು ಒಂಬತ್ತು ಸಂಪುಟಗಳಲ್ಲಿ 1827ರಲ್ಲಿ ಪ್ರಕಟಿಸಿದನು. ಅದರಿಂದ ಸಾಲಕ್ಕೆ ಸುಮಾರು 18,000 ಪೌಂಡುಗಳು ಸಂದವು. ಅದೇ ವರ್ಷದ ಫೆಬ್ರವರಿಯಲ್ಲಿ ಒಂದು ಸಾರ್ವಜನಿಕ ಔತಣದಲ್ಲಿ ವೇವರ್ಲಿಯ ಕರ್ತೃ ತಾನೇ ಎಂದು ಬಹಿರಂಗವಾಗಿ ಒಪ್ಪಿಕೊಂಡನು. ಮೊಮ್ಮಗನಿಗಾಗಿ ಸ್ಕಾಟ್ಲೆಂಡಿನ ಇತಿಹಾಸವನ್ನು ಕಥೆಗಳಾಗಿ ಬರೆದನು. ಕನ್ನಡ ನಾಡಿಗೆ ಸಂಬಂಧಿಸಿದ 'ದಿ ಸರ್ಜನ್ಸ್ ಡಾಟರ್' ಎಂಬ ಕಥೆಯೂ 1827ರದೇ. ಅದರ ಉತ್ತರಾರ್ಧವು ಮದರಾಸು ಮತ್ತು ಮೈಸೂರು ಸೀಮೆಗಳಲ್ಲಿ ನಡೆಯುತ್ತದೆ. ಹೈದರಾಲಿಯು ಫಕೀರನ ವೇಷದಲ್ಲಿ ಬರುತ್ತಾನೆ. ತನ್ನನ್ನು ನಂಬಿದ ಹೆಣ್ಣಿಗೆ ದ್ರೋಹ ಬಗೆದ ತರುಣನು ಬೆಂಗಳೂರಿನಲ್ಲಿ ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ಸ್ಕಾಟನು ಭಾರತವನ್ನು ಕಂಡವನಲ್ಲ. ಇಲ್ಲಿ ಸೇನೆಯಲ್ಲಿದ್ದು ಹಿಂದಿರುಗಿದ ನೆರೆಯವನೊಬ್ಬನಿಂದ ವಿವರಗಳನ್ನು ಕೇಳಿ ತಿಳಿದು ಬರೆದನು.

ಎರಡೇ ವರ್ಷಗಳಲ್ಲಿ ಅವನು ಸುಮಾರು 40,000 ಪೌಂಡುಗಳನ್ನು ದುಡಿದನು. 1829ರಿಂದ ಅವನ ಎಲ್ಲ ಕಾದಂಬರಿಗಳೂ ಅವನದೇ ಹೊಸ ಪೀಠಿಕೆ ಟಿಪ್ಪಣಿಗಳೊಡನೆ ತಿಂಗಳಿಗೊಂದು ಸಂಪುಟದಂತೆ, ಐದು ಷಿಲಿಂಗುಗಳ ಬೆಲೆಗೆ ಹೊರಬರತೊಡಗಿದವು. 'ವೇವರ್ಲಿ' ಮೊದಲು ಅಚ್ಚಾದಾಗ ಅದರ ಬೆಲೆ 21 ಷಿಲಿಂಗುಗಳಾಗಿತ್ತು. ಹೀಗೆ ಸಾಲದ ಒತ್ತಡವೇ ಅವನ ಪುಸ್ತಕಗಳನ್ನು ಸಾಧಾರಣ ಜನರ ಕೈಗೆ ತಲುಪಿಸಿತು. 1830ರ ಡಿಸೆಂಬರಿನಲ್ಲಿ ಸಾಲ ಕೊಟ್ಟವರು ಸಭೆ ಸೇರಿ, ಅವನ ಪ್ರಾಮಾಣಿಕತೆಯನ್ನು ಮೆಚ್ಚಿ, ಗ್ರಂಥಭಂಡಾರವನ್ನೂ ಮನೆಯ ಸಾಮಾನುಗಳನ್ನೂ ಅವನಿಗೇ ಕೊಡುಗೆಯಾಗಿ ಹಿಂದಿರುಗಿಸಿದರು.

ಆದರೆ ದೇಹ ಸೋಲುತ್ತಿತ್ತು. 1830ರ ಫೆಬ್ರವರಿಯಲ್ಲಿ ಪಾರ್ಶ್ವವಾಯುವಿನ ಮೊದಲ ಪೆಟ್ಟು ಬಿದ್ದಿತ್ತು. ಬಳಿಕ ಮತ್ತೆ ಮತ್ತೆ ಬಿದ್ದಿತು. ವೈದ್ಯರು ಬರೆಯಬೇಡವೆಂದರೂ ಅವನು ನಿಲ್ಲಿಸಲಿಲ್ಲ. 1831ರ ಶರತ್ಕಾಲದಲ್ಲಿ ಸರ್ಕಾರವು ಒದಗಿಸಿದ ಹಡಗಿನಲ್ಲಿ ಮಾಲ್ಟಾ, ಇಟಲಿಗಳಿಗೆ ಹವೆ ಬದಲಾವಣೆಗೆಂದು ಹೋದನು. ಗುಣ ಕಾಣಲಿಲ್ಲ. ಮನೆಯ ಹಂಬಲ ಬಲವಾಗಿ ಹಿಂದಿರುಗುವಾಗ ದಾರಿಯಲ್ಲಿ ಮತ್ತೊಂದು ಪೆಟ್ಟು ತಗುಲಿತು. 1832ರ ಜುಲೈ 11ರಂದು ಅವನನ್ನು ಅಬಟ್ಸ್‌ಫರ್ಡಿಗೆ ಕರೆತಂದರು. ಅರೆಪ್ರಜ್ಞೆಯಲ್ಲಿದ್ದವನು ಟ್ವೀಡ್ ಕಣಿವೆಯನ್ನು ಕಂಡು ಚೇತರಿಸಿಕೊಂಡನು. ಸಾಕಿದ ನಾಯಿಗಳು ಕುರ್ಚಿಯ ಸುತ್ತ ಸೇರಿ ಕೈ ನೆಕ್ಕಿದವು. ಕೆಲವು ದಿನಗಳ ಬಳಿಕ ಅವನು ತನ್ನನ್ನು ಬರೆಯುವ ಮೇಜಿನ ಬಳಿಗೆ ಒಯ್ಯಲು ಹೇಳಿದನು. ಮಗಳು ಲೇಖನಿಯನ್ನು ಕೈಗಿತ್ತಳು. ಬೆರಳುಗಳು ಅದನ್ನು ಹಿಡಿಯಲಾರದೆ ಹೋದವು. ಲೇಖನಿ ಕಾಗದದ ಮೇಲೆ ಬಿದ್ದಿತು. ಅವನ ಕಣ್ಣುಗಳಿಂದ ಸದ್ದಿಲ್ಲದೆ ನೀರು ಹರಿಯಿತು. 1832ರ ಸೆಪ್ಟೆಂಬರ್ 21ರಂದು, ಕಿಟಕಿಗಳೆಲ್ಲ ತೆರೆದಿದ್ದ ಪ್ರಶಾಂತವಾದ ಮಧ್ಯಾಹ್ನದಲ್ಲಿ, ಮಕ್ಕಳ ನಡುವೆ ಸ್ಕಾಟನು ಪ್ರಾಣ ಬಿಟ್ಟನು.

ಆಗ ಉಳಿದಿದ್ದ ಸಾಲ ಸುಮಾರು 54,000 ಪೌಂಡುಗಳು. ಜೀವವಿಮೆಯಿಂದ 22,000 ಪೌಂಡುಗಳು ಬಂದವು. ಕೃತಿಗಳ ಮುಂದಿನ ಆದಾಯವನ್ನು ನಂಬಿ ಪ್ರಕಾಶಕನು ಉಳಿದ ಹಣದ ಬಹುಭಾಗವನ್ನು ಮುಂಗಡವಾಗಿ ಕೊಟ್ಟನು. 1833ರಲ್ಲಿ ಸಾಲ ಕೊಟ್ಟವರ ಲೆಕ್ಕ ಮುಗಿಯಿತು. ಆ ಮುಂಗಡ ಪುಸ್ತಕಗಳ ಗಳಿಕೆಯಿಂದ ಪೂರ್ಣವಾಗಿ ತೀರಿದುದು 1847ರಲ್ಲಿ. ಲೇಖಕನು ತೀರಿಕೊಂಡು ಹದಿನೈದು ವರ್ಷಗಳವರೆಗೆ ಅವನ ಲೇಖನಿ ದುಡಿಯುತ್ತಲೇ ಇದ್ದಿತು.

ಸ್ಕಾಟನು ತೋರಿದ ಮಾರ್ಗದಲ್ಲಿ ಫ್ರಾನ್ಸಿನ ಡ್ಯೂಮಾ, ಇಟಲಿಯ ಮಾಂಜೋನಿ, ರಷ್ಯದ ಪುಷ್ಕಿನ್ ಮೊದಲಾದವರು ತಂತಮ್ಮ ನಾಡಿನ ಇತಿಹಾಸವನ್ನು ಕಥೆಯಾಗಿಸಿದರು. ನಮ್ಮ ದೇಶದಲ್ಲಿ ಬಂಕಿಮಚಂದ್ರರನ್ನು ಬಂಗಾಳದ ಸ್ಕಾಟ್ ಎಂದು ಕರೆದರು. ಬಂಕಿಮರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಬಂಗಾಳಿಯಿಂದಲೂ, ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಗಳಗನಾಥರು ಮರಾಠಿಯಿಂದಲೂ ಕನ್ನಡಕ್ಕೆ ತಂದರು. ಕನ್ನಡಿಗರಲ್ಲಿ ಐತಿಹಾಸಿಕ ಕಾದಂಬರಿಯ ರುಚಿ ಹೀಗೆ ಬೆಳೆಯಿತು.

ಎಡಿನ್‌ಬರೋ ನಗರದ ಹೃದಯಭಾಗದಲ್ಲಿ ಸ್ಕಾಟನ ಸ್ಮರಣೆಗಾಗಿ ಇನ್ನೂರು ಅಡಿ ಎತ್ತರದ ಕಲ್ಲಿನ ಸ್ಮಾರಕವಿದೆ. ಅಲ್ಲಿನ ಪ್ರಧಾನ ರೈಲು ನಿಲ್ದಾಣಕ್ಕೆ ಅವನ ಮೊದಲ ಕಾದಂಬರಿಯ ಹೆಸರಿದೆ. ಸ್ವತಃ ಸಾಲದಲ್ಲಿ ಮುಳುಗಿದ 1826ರಲ್ಲಿಯೇ ಅವನು, ಸ್ಕಾಟ್ಲೆಂಡಿನ ಬ್ಯಾಂಕುಗಳು ತಮ್ಮದೇ ಒಂದು ಪೌಂಡಿನ ನೋಟುಗಳನ್ನು ಹೊರಡಿಸುವ ಹಕ್ಕನ್ನು ಸರ್ಕಾರವು ಕಿತ್ತುಕೊಳ್ಳದಂತೆ ಪತ್ರಿಕೆಯಲ್ಲಿ ಬರೆದು ಹೋರಾಡಿದ್ದನು. ಆ ಹಕ್ಕು ಉಳಿಯಿತು. ಅದರ ನೆನಪಿಗಾಗಿ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ನೋಟುಗಳ ಮೇಲೆ ಸ್ಕಾಟನ ಭಾವಚಿತ್ರವನ್ನು ಮುದ್ರಿಸುತ್ತ ಬಂದಿದ್ದಾರೆ.